ತಂಬಿಗೆಯಿಂದ ಕಾಗದದ ಸುರುಳಿಯವರೆಗೆ



ವಾಡಿ ಎಂದೊಡನೆ ನಿಮಗೆ ನೆನಪಾಗುವುದು ಸಿಮೆಂಟ್ ಮತ್ತು ರೈಲ್ವೆ ಜಂಕ್ಷನ್. 1871ರಲ್ಲಿ ಮುಂಬಯಿ–ಮದರಾಸು ಮಾರ್ಗ ಪೂರ್ಣಗೊಂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಅಂದು ಮೂರನೆಯ ದರ್ಜೆಯ ಡಬ್ಬಿಗಳಲ್ಲಿ ಶೌಚಾಲಯವಿರಲಿಲ್ಲ. ಗಾಡಿ ನಿಂತಾಗ ತಂಬಿಗೆ ಹಿಡಿದು ಇಳಿಯಬೇಕು, ಸೀಟಿ ಕೇಳಿದೊಡನೆ ಓಡಿ ಬಂದು ಹತ್ತಬೇಕು.

ನಮ್ಮದು ತಂಬಿಗೆಯ ರೂಢಿಯಾದರೆ ಚೀನೀಯರದು ಕಾಗದದ ರೂಢಿ. ವಿದ್ವಾಂಸರ ಹೆಸರು, ಶಾಸ್ತ್ರವಾಕ್ಯ ಇರುವ ಕಾಗದವನ್ನು ಶೌಚಕ್ಕೆ ಬಳಸಲಾರೆನೆಂದು ಯಾನ್ ಝಿಟುಯಿ ಎಂಬ ಚೀನೀ ಪಂಡಿತ 6ನೆಯ ಶತಮಾನದಲ್ಲೇ ಬರೆದಿದ್ದ. ಚೀನೀಯರು ನೀರು ಬಳಸದೆ ಕಾಗದದಿಂದ ಒರೆಸಿಕೊಳ್ಳುತ್ತಾರೆಂದು 851ರ ಅರಬ್ಬೀ ಪ್ರವಾಸಕಥನವೊಂದು ದಾಖಲಿಸಿದೆ. 1857ರಲ್ಲಿ ಅಮೆರಿಕದ ಜೋಸೆಫ್ ಗೇಯೆಟ್ಟಿ ಶೌಚಕಾಗದವನ್ನು ಅಂಗಡಿಯ ಸರಕಾಗಿಸಿದ. ಹರಿದುಕೊಳ್ಳಲು ಸಾಲುರಂಧ್ರವಿರುವ ಸುರುಳಿಗೆ ಸೇತ್ ವ್ಹೀಲರ್ 1891ರಲ್ಲಿ ಪೇಟೆಂಟ್ ಪಡೆದ.

ಈಗ ನಮ್ಮ ಮನೆಗಳಿಗೂ ಈ ಸುರುಳಿ ಬಂದಿದೆ. ಹಾಸಿಗೆ ಹಿಡಿದ ಹಿರಿಯರಿಗೆ, ತೊಳೆದ ಮೇಲೆ ಒರೆಸಿಕೊಳ್ಳಲು, ನೀರು ಬಾರದ ದಿನಕ್ಕೆ ಅದು ಬೇಕಾಗುತ್ತದೆ. ಹಾಗಾದರೆ ಒಳ್ಳೆಯದನ್ನು ಆರಿಸುವುದು ಹೇಗೆ? ಸುರುಳಿಯ ದಪ್ಪ ನೋಡಿ ಮೋಸಹೋಗಬೇಡಿ; ಪದರ ಎಷ್ಟು, ಹಾಳೆ ಎಷ್ಟು, ಹಾಳೆಯ ಅಳತೆ ಎಷ್ಟು ಎಂದು ಓದಿ, ಆಮೇಲೆ ಬೆಲೆ ಹೋಲಿಸಿ. ಸೂಕ್ಷ್ಮ ಚರ್ಮದವರಿಗೆ ಬಣ್ಣ, ಸುವಾಸನೆ ಇಲ್ಲದ್ದೇ ಲೇಸು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಒಂದು ಲೋಟ ನೀರಿಗೆ ಶೌಚಕಾಗದದ ತುಂಡನ್ನೂ ಇನ್ನೊಂದಕ್ಕೆ ಮುಖ ಒರೆಸುವ ಟಿಶ್ಯೂವನ್ನೂ ಹಾಕಿ ಕಲಕಿ. ಕಾಗದದ ನಾರುಗಳನ್ನು ಹಿಡಿದಿಡುವುದು ಹೈಡ್ರೋಜನ್ ಬಂಧ. ನೀರು ಅದನ್ನು ಸಡಿಲಿಸುವುದರಿಂದ ಒಳ್ಳೆಯ ಶೌಚಕಾಗದ ಚೂರಾಗುತ್ತದೆ. ಟಿಶ್ಯೂವಿಗೆ ಸಾಮಾನ್ಯವಾಗಿ ಒದ್ದೆಯಲ್ಲೂ ಗಟ್ಟಿಯಾಗಿರಲೆಂದು ರಾಳ ಬೆರೆಸಿರುತ್ತಾರೆ. ಅದು ಸುಲಭವಾಗಿ ಕರಗದು. ಅಂಥದ್ದು ಕೊಳವೆಗೆ ಬಿದ್ದರೆ ಕಟ್ಟಿಕೊಳ್ಳುತ್ತದೆ.

ಕಟ್ಟಿದ್ದನ್ನು ಬಿಡಿಸುವವರು ಯಾರು? ಹಿಂದೆ ಡಬ್ಬಿಯ ಮಲ ನೇರವಾಗಿ ಹಳಿಯ ಮೇಲೆ ಬೀಳುತ್ತಿದ್ದಾಗ ನಿಲ್ದಾಣದ ಹಳಿಗಳನ್ನು ಮನುಷ್ಯರೇ ತೊಳೆಯುತ್ತಿದ್ದರು. ಈಗ ಡಬ್ಬಿಗಳಿಗೆ ಜೈವಿಕ ಶೌಚಾಲಯ ಬಂದಿದೆ. ಅದರ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನು ಕರಗಿಸುತ್ತವೆ. ಪ್ಲಾಸ್ಟಿಕ್, ಬಟ್ಟೆ ಬಿದ್ದರೆ ಅದೂ ಕಟ್ಟುತ್ತದೆ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಮಲಗುಂಡಿಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಆದರೂ ಗುಂಡಿಗಿಳಿದವರು ಸತ್ತ ಸುದ್ದಿ ನಿಂತಿಲ್ಲ.

ಆದ್ದರಿಂದ ಕಾಗದ ಕೊಳ್ಳುವಾಗ ಮೆತ್ತಗಿದೆಯೇ ಎಂದಷ್ಟೇ ನೋಡದೆ, ನೀರಿನಲ್ಲಿ ಕರಗುವುದೇ ಎಂಬುದನ್ನೂ ನೋಡಿ. ಕರಗದ್ದನ್ನು ಕಸದ ಬುಟ್ಟಿಗೆ ಹಾಕಿ.