ಬಳ್ಳಾರಿ ಬಿಸಿಲು, ಕುದಿಯುವ ಕಾರು

ಹಳೇ ಜೋಕು ನಿಮಗೂ ಗೊತ್ತಿರಬೇಕು. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ! ನಮ್ಮ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಕರಿಕಲ್ಲು ಕೆತ್ತಿ ಕೊಡಲಿ ಮಾಡುತ್ತಿದ್ದರು. ಈ ಸೆಖೆಯಲ್ಲೂ ಸಗಣಿ ರಾಶಿಗೆ ಬೆಂಕಿ ಹಚ್ಚಿ ಬೂದಿದಿಬ್ಬ ಮಾಡಿಟ್ಟು ಹೋದ ಪುಣ್ಯಾತ್ಮರು. ಅವರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಹೊರಟಿದ್ದು ಅದೇ ಗುಡ್ಡದ ಬದಿಯ ರಸ್ತೆಯಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲುವ ಕಾರುಗಳ ಇತಿಹಾಸ.

ನಮ್ಮ ಸೋದರಮಾವ ಕುರುಗೋಡು ಕಡೆಗೆ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದರು. ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಲ್ಲದೆ ಹೊರಟವರಲ್ಲ. ಮಾರ್ಚ್ ಬಂತೆಂದರೆ ಥರ್ಮೋಸ್ಟಾಟ್ ಕಿತ್ತಿಡುವುದು. "ಇದು ಚಳಿ ದೇಶದೋರಿಗೆ, ನಮಗ್ಯಾಕ?" ಅನ್ನುತ್ತಿದ್ದರು. ಮಾತಲ್ಲಿ ಸ್ವಲ್ಪ ಸತ್ಯವೂ ಇತ್ತು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್.

ಇನ್ನೂ ಹಿಂದಕ್ಕೆ ಹೋದರೆ ವಿಲ್ಹೆಲ್ಮ್ ಮೇಬಾಕ್ ಸಿಗುತ್ತಾನೆ. 1901ರ ಮರ್ಸಿಡಿಸ್‌ಗೆ ಎಂಟು ಸಾವಿರಕ್ಕೂ ಹೆಚ್ಚು ಪುಟ್ಟ ಕೊಳವೆ ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದವನು. ಕೊಳವೆಯೊಳಗೆ ಗಾಳಿ, ಸುತ್ತ ನೀರು. ಸುಮಾರು 9 ಲೀಟರ್ ನೀರಲ್ಲೇ ಕೆಲಸ ಮುಗಿಯಿತು. 1908ರ ಫೋರ್ಡ್ ಮಾಡೆಲ್ ಟಿಯಲ್ಲಿ ಮೊದಲ ಸುಮಾರು 2,500 ಕಾರಿಗಷ್ಟೇ ಪಂಪು. ಆಮೇಲಿನವಕ್ಕೆ ಅದೂ ಇಲ್ಲ! ಬಿಸಿನೀರು ತಾನಾಗಿ ಮೇಲೇರಿ, ರೇಡಿಯೇಟರಲ್ಲಿ ತಣಿದು ಕೆಳಗಿಳಿಯುತ್ತಿತ್ತು. ನಂತರ ಬಂದ ಪ್ರೆಶರ್ ಮುಚ್ಚಳ ಎಲ್ಲವನ್ನೂ ಬದಲಿಸಿತು. ನಮ್ಮ ಕುಕ್ಕರಿನ ಲೆಕ್ಕವೇ. ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಹೋಗಬೇಕು. ಬಿಸಿಯಿದ್ದಾಗ ಮುಚ್ಚಳ ತಿರುವಿದರೆ ಆ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಒದ್ದೆ ಬಟ್ಟೆ ಕೈ ಉಳಿಸಲಾರದು.

ಅಂಬಾಸಿಡರಿನ ಫ್ಯಾನು ಬೆಲ್ಟಿನಿಂದ ಎಂಜಿನ್ನಿಗೇ ಕಟ್ಟಿದ್ದು. ರೈಲ್ವೆ ಗೇಟಲ್ಲಿ ಎಂಜಿನ್ ನಿಧಾನ, ಫ್ಯಾನೂ ನಿಧಾನ, ಎದುರುಗಾಳಿಯೂ ಇಲ್ಲ. ಕುದಿಯದೆ ಇನ್ನೇನು? 1983ರ ಡಿಸೆಂಬರಲ್ಲಿ ಬಂದ ಮಾರುತಿ 800ರದು ಕರೆಂಟಿನ ಫ್ಯಾನು, ಬಿಸಿ ನೋಡಿಕೊಂಡು ತಾನೇ ತಿರುಗುತ್ತದೆ. ಅಲ್ಲಿಂದ ರೋಗ ಪತ್ತೆಯೂ ಬೇರೆಯಾಯಿತು. ನಿಂತಾಗ ಮಾತ್ರ ಮುಳ್ಳು ಏರಿದರೆ ಮೊದಲು ಫ್ಯಾನು, ಅದರ ಫ್ಯೂಸು ನೋಡಿ. ಹೆದ್ದಾರಿಯ ವೇಗದಲ್ಲಿ ಏರಿದರೆ ರೇಡಿಯೇಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಸೋರಿಕೆ ಕಾಣದೆ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ನನಗೆ ಅನುಮಾನ.

ರೇಡಿಯೇಟರ್ ಕಟ್ಟುವುದಕ್ಕೆ ಬಳ್ಳಾರಿಗಿಂತ ಒಳ್ಳೇ ಊರು ಬೇಕೆ? ಒಳಗಡೆ ಬೋರ್ ನೀರಿನ ಸುಣ್ಣ, ಹೊರಗಡೆ ಅದಿರಿನ ಕೆಂಪು ಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚಿನ ಆ ಲಾರಿ ಸಾಲುಗಳನ್ನು ಕಂಡವರಿಗೆ ನಾನು ಹೇಳಬೇಕಿಲ್ಲ.

ಕಾರು ಬದಲಾಯಿತು, ಮಾವನ ಕಾಲದ ಚಾಳಿ ಮಾತ್ರ ಹೋಗಲಿಲ್ಲ. ಥರ್ಮೋಸ್ಟಾಟ್ ಇವತ್ತೂ ಕೀಳಿಸುತ್ತಾರೆ. ಈಗಿನ ಹಲವು ಎಂಜಿನ್ನುಗಳಲ್ಲಿ ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತುತ್ತದೆ. ಅಂದರೆ ತಂಪಿಗೆಂದು ಕಿತ್ತಿದ್ದೇ ಬಿಸಿಗೆ ಕಾರಣ! ಮುಳ್ಳು ಏರಿದರೆ ಏಸಿ ಆರಿಸಿ, ಹೀಟರ್ ಪೂರ್ತಿ ಹಾಕಿ (ಹೌದು, ಬಳ್ಳಾರಿಯಲ್ಲೇ!), ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ.

ನಿಮ್ಮ ಕಡೆಯೂ ಬೇಸಿಗೆಗೆ ಥರ್ಮೋಸ್ಟಾಟ್ ಕೀಳುತ್ತಿದ್ದರಾ? ಕರಾವಳಿಯವರು, ಮಲೆನಾಡಿನವರು ಹೇಳಿ ನೋಡೋಣ.