ಸೈಬರ್ ಭದ್ರತೆ: ಬೆಂಗಳೂರಿನ ಅನುಭವ

ಕಂಪ್ಯೂಟರು, ಜಾಲ ಮತ್ತು ಅವುಗಳಲ್ಲಿರುವ ಮಾಹಿತಿ, ಹಣ ಕಳವಾಗದಂತೆ, ಕೆಡದಂತೆ ಸಂಸ್ಥೆಗಳು ಮಾಡಿಕೊಳ್ಳುವ ಏರ್ಪಾಡಿಗೆ ಸೈಬರ್ ಭದ್ರತೆ ಎಂದು ಹೆಸರು. ಬೆಂಗಳೂರು ಇದನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ಪೆಟ್ಟು ತಿಂದು ಕಲಿತದ್ದೇ ಹೆಚ್ಚು.

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷವೇ ಬೆಂಗಳೂರಿನಲ್ಲಿ ಪೊಲೀಸರ ತನಿಖಾ ವಿಭಾಗವಾದ ಸಿಒಡಿ (ಇಂದಿನ ಸಿಐಡಿ) ಕಚೇರಿಯಲ್ಲಿ, ಇಡೀ ರಾಜ್ಯದ ವ್ಯಾಪ್ತಿಯೊಂದಿಗೆ, ದೇಶದಲ್ಲೇ ಮೊದಲನೆಯದೆಂದು ಹೆಸರಾದ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾಯಿತು. ಆಗ ಅಪಾಯವೆಂದರೆ ಹೊರಗಿನಿಂದ ಬರುವ ಹ್ಯಾಕರ್ ಅಥವಾ ವೈರಸ್ ಎಂದೇ ಹೆಚ್ಚಿನವರ ಎಣಿಕೆ. ಆಂಟಿವೈರಸ್ ಹಾಕಿಸಿ ಫೈರ್‌ವಾಲ್ ನಿಲ್ಲಿಸಿದರೆ ಕೆಲಸ ಮುಗಿದಂತೆ.

ಆ ನಂಬಿಕೆಯನ್ನು ಅಲುಗಿಸಿದ್ದು 2006ರ ಎಚ್‌ಎಸ್‌ಬಿಸಿ ಪ್ರಕರಣ. ಬ್ಯಾಂಕಿನ ಬೆಂಗಳೂರು ಕೇಂದ್ರದಿಂದ ಬ್ರಿಟನ್ನಿನ ಗ್ರಾಹಕರ ವಿವರಗಳು ಸೋರಿ, ಸುಮಾರು 2,33,000 ಪೌಂಡ್ ಅವರ ಖಾತೆಗಳಿಂದ ಹೋಗಿತ್ತು. ಆರೋಪ ಬಂದದ್ದು ಒಳಗಿನ ನೌಕರನ ಮೇಲೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಇಂಥ ಅಪಾಯಕ್ಕೆ ಫೈರ್‌ವಾಲ್ ಮದ್ದಲ್ಲ. ಯಾರಿಗೆ ಎಷ್ಟು ಕಾಣಬೇಕೋ ಅಷ್ಟನ್ನೇ ತೋರಿಸುವುದು, ಯಾರು ಯಾವ ಕಡತ ತೆರೆದರೆಂಬ ದಾಖಲೆ ಇಡುವುದು, ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚುವುದು ಇದಕ್ಕೆ ದಾರಿ. ಕೊನೆಯದು ಕೇಳಲು ಸುಲಭ. ಮಾಡುವವರು ಇಂದಿಗೂ ಕಡಿಮೆ.

ಮುಂದಿನ ದಶಕದಲ್ಲಿ ಕಳ್ಳರು ಬಾಗಿಲು ಒಡೆಯುವುದು ಬಿಟ್ಟು ಬಾಗಿಲು ತೆಗೆಸಿಕೊಳ್ಳತೊಡಗಿದರು. ನಂಬುವಂತಹ ಇಮೇಲ್ ಕಳಿಸಿ ಪಾಸ್‌ವರ್ಡ್ ಕೀಳುವ ಫಿಷಿಂಗ್‌ಗೆ ಸಾಫ್ಟ್‌ವೇರ್ ದೈತ್ಯರೂ ಹೊರತಾಗಲಿಲ್ಲ. 2019ರ ಏಪ್ರಿಲ್‌ನಲ್ಲಿ ವಿಪ್ರೊ ತನ್ನ ಕೆಲವು ಸಿಬ್ಬಂದಿಯ ಖಾತೆಗಳು ಹೀಗೆ ಸಿಕ್ಕಿಬಿದ್ದದ್ದನ್ನು ಒಪ್ಪಿಕೊಂಡಿತು. ಇಂಥ ಕಂಪನಿಯ ಒಂದು ಖಾತೆ ಸಿಕ್ಕರೆ ಅದರ ಗ್ರಾಹಕ ಸಂಸ್ಥೆಗಳತ್ತಲೂ ದಾರಿ ಸಿಗುತ್ತದೆ ಎಂಬುದು ಇಲ್ಲಿನ ನಿಜವಾದ ಆತಂಕ. ಅದೇ ವರ್ಷ ರಾಜ್ಯ ಸರ್ಕಾರದ ಟೆಂಡರ್ ನಡೆಯುವ ಇ-ಸಂಗ್ರಹಣೆ ಪೋರ್ಟಲಿಗೆ ನುಗ್ಗಿದವರು, ಗುತ್ತಿಗೆದಾರರಿಗೆ ಹಿಂದಿರುಗಬೇಕಿದ್ದ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿಸಿದರು. 2020ರಲ್ಲಿ ಆನ್‌ಲೈನ್ ದಿನಸಿ ಅಂಗಡಿ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಮಾರಾಟಕ್ಕೆ ಬಂದ ಸುದ್ದಿ ಹೊರಬಿತ್ತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2019ಕ್ಕೆ ಕರ್ನಾಟಕದಲ್ಲಿ 12,020 ಸೈಬರ್ ಪ್ರಕರಣಗಳನ್ನು ತೋರಿಸಿದೆ; ಅದರಲ್ಲಿ 10,555 ಬೆಂಗಳೂರು ನಗರದವೇ. ದೇಶಕ್ಕೇ ಮೊದಲ ಸ್ಥಾನ. ಇದನ್ನು ಬರೀ ಅಪರಾಧದ ಲೆಕ್ಕವೆಂದು ಓದಬಾರದು. ದೂರು ಬರೆದುಕೊಳ್ಳುವ ಠಾಣೆ ಇದ್ದಲ್ಲಿ ಅಂಕಿಯೂ ಏರುತ್ತದೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗಳು ಜಿಲ್ಲೆಜಿಲ್ಲೆಗೂ, ನಗರದ ವಿಭಾಗಗಳಿಗೂ ಹಬ್ಬಿದವು. 2020ರ ಕೊನೆಗೆ ನಗರ ಪೊಲೀಸರು 112ಕ್ಕೆ ಬಂದ ಕರೆಯ ಮೇಲೆಯೇ ಹಣ ಹೋದ ಖಾತೆಯನ್ನು ಬ್ಯಾಂಕಿನಿಂದ ತಡೆಹಿಡಿಸುವ ಪದ್ಧತಿ ತಂದರು. ಮೊದಲ ಗಂಟೆಯಲ್ಲೇ ನೆರವು ಸಿಗಬೇಕೆನ್ನುವ ‘ಗೋಲ್ಡನ್ ಅವರ್’ ಎಂಬ ಮಾತು ಆಸ್ಪತ್ರೆಯಿಂದ ಠಾಣೆಗೆ ಬಂದದ್ದು ಹೀಗೆ. ಈಗ ಇದಕ್ಕೆ ದೇಶವ್ಯಾಪಿ ಸಂಖ್ಯೆ 1930.

ತರಬೇತಿಯ ಕಡೆಗೆ, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಆಧಾರವಾಗಿಟ್ಟುಕೊಂಡ, ರಾಜ್ಯದ ಸೈಬರ್ ಭದ್ರತಾ ಕೇಂದ್ರವಾದ ಸೈಸೆಕ್, ಇನ್ಫೊಸಿಸ್ ಪ್ರತಿಷ್ಠಾನದ ನೆರವಿನ ಸಿಐಡಿ ತರಬೇತಿ ಕೇಂದ್ರ ಬಂದವು. 2024ರ ಆಗಸ್ಟ್‌ನಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿ, 2025ರಲ್ಲಿ ಪೊಲೀಸರ ಪ್ರತ್ಯೇಕ ಸೈಬರ್ ಕಮಾಂಡ್.

ದೊಡ್ಡ ಹೆಸರುಗಳ ನೆರಳಿನಲ್ಲಿ ಮರೆಯಾಗುವುದು ನಗರದ ಪಶ್ಚಿಮ ಅಂಚು. ಮಾಗಡಿ ರಸ್ತೆಯ ಬ್ಯಾಡರಹಳ್ಳಿ, ಹೇರೋಹಳ್ಳಿ, ಅಂದ್ರಹಳ್ಳಿಯಿಂದ ಪೀಣ್ಯದವರೆಗೆ ಹರಡಿರುವ ಸಣ್ಣ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ವಿಭಾಗವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಲೆಕ್ಕ ಬರೆಯುವವರೇ ಎಲ್ಲ. ಇಂಥ ಘಟಕಗಳಿಗೆ ತಕ್ಕ ಮೋಸವೇ ಬೇರೆ. ಬಿಡಿಭಾಗ ಪೂರೈಸುವವರ ವಿಳಾಸದಲ್ಲಿ ಒಂದಕ್ಷರ ಬದಲಾದ ಇಮೇಲಿನಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಬರುತ್ತದೆ, ಹಣ ಹೋಗುತ್ತದೆ, ತಿಂಗಳಾದ ಮೇಲೆ ಅಸಲಿ ಪೂರೈಕೆದಾರ ಬಾಕಿ ಕೇಳುತ್ತಾನೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಪತ್ರದಲ್ಲಿರುವ ನಂಬರಿಗಲ್ಲ, ಹಳೆಯ ಡೈರಿಯ ನಂಬರಿಗೆ ಒಂದು ಫೋನ್ ಮಾಡಿದರೆ ಸಾಕು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ವಿಷಯದಲ್ಲಿ ಬ್ಯಾಕಪ್ ಕಾಯುತ್ತದೆ; ಆದರೆ ಬ್ಯಾಕಪ್ ಇರುವ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿದ್ದರೆ ಅದಕ್ಕೂ ಬೀಗ ಬೀಳುತ್ತದೆ.

ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದಂತೆ ಕಂಪನಿಗಳು ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರುಗಳಲ್ಲಿ ನಡೆದದ್ದರ ದಾಖಲೆಯನ್ನು, ಅಂದರೆ ಲಾಗನ್ನು, 180 ದಿನ ಇಟ್ಟಿರಬೇಕು. ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಇದನ್ನು ಪಾಳಿಯ ಮೇಲೆ ನೋಡಿಕೊಳ್ಳುವ ತಂಡವಿರುತ್ತದೆ. ಬ್ಯಾಡರಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ಲಾಗ್ ಎಂದರೇನೆಂದು ಕೇಳಿದರೆ ಹಾಜರಿ ಪುಸ್ತಕ ಕೊಟ್ಟಾರು.