ಬಿಸಿಲ್ಗುದುರೆಯೂ ಬೆಳಕಿನ ಓಲೆಯೂ

ವೈಶಾಖದ ಮಧ್ಯಾಹ್ನ ನಾಲವಾರದ ರೈಲು ನಿಲ್ದಾಣದಲ್ಲಿ ನಿಂತರೆ ದೂರದ ಹಳಿಗಳು ನೀರಿನಲ್ಲಿ ಬರೆದ ಗೆರೆಗಳಂತೆ ನಡುಗುತ್ತವೆ. ಬಿಸಿಲಿನ ಇಂಥ ಮಾಯೆಗೆ ನಮ್ಮ ಹಿಂದಿನವರು ‘ಬಿಸಿಲ್ಗುದುರೆ’ ಎಂಬ ಸೊಗಸಾದ ಹೆಸರನ್ನಿಟ್ಟರು. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ತಣ್ಣನೆಯದು ಇಳಿಯುತ್ತದೆ. ಎರಡೂ ಸುಳಿಸುಳಿಯಾಗಿ ಬೆರೆಯುವಾಗ ನಡುವೆ ಹಾಯುವ ಬೆಳಕು ಕ್ಷಣಕ್ಕೊಂದು ಕಡೆ ಬಾಗುತ್ತದೆ. ನಾನು ಕನ್ನಡ ಪಾಠ ಹೇಳುವವನು. ಆದರೂ ಈ ನಡುಕದ ಚರಿತ್ರೆ ನನ್ನನ್ನು ಸೆಳೆದಿದೆ. ಅದರ ಒಂದು ಅಧ್ಯಾಯ ನಮ್ಮ ಸೀಮೆಯಲ್ಲಿಯೇ ನಡೆಯಿತಲ್ಲವೆ?

1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತಿ ಮೋಜಣಿಯನ್ನು ಆರಂಭಿಸಿದನು. 1815ರಲ್ಲಿ ಆ ಅಳತೆ ಬೀದರವನ್ನು ಮುಟ್ಟಿತು. ಗುಡ್ಡದ ಮೇಲೆ ನಿಂತು, ಹತ್ತಾರು ಮೈಲಿ ಆಚೆಯ ಇನ್ನೊಂದು ಗುಡ್ಡದ ಗುರುತನ್ನು ದುರ್ಬೀನಿನಲ್ಲಿ ಹಿಡಿದು ಕೋನವನ್ನು ಅಳೆಯುವ ಕೆಲಸವದು. ಬೇಸಗೆಯ ಹಗಲಿನಲ್ಲಿ ಧೂಳೂ ಗಾಳಿಯ ನಡುಕವೂ ಅಡ್ಡ ಬರುತ್ತಿದ್ದವು. ಮಳೆ ಆಕಾಶವನ್ನು ತೊಳೆದಾಗಲೇ ನೋಟ ತಿಳಿಯಾಗುವುದೆಂದು ಮಳೆಗಾಲದಲ್ಲಿಯೇ ಕಾಡನ್ನು ಹೊಕ್ಕರು. ಅದಕ್ಕೆ ತೆತ್ತ ಬೆಲೆ ಘೋರವಾದುದು: 1819ರಲ್ಲಿ ಕೃಷ್ಣಾ ಗೋದಾವರಿಗಳ ನಡುವಣ ಕಾಡಿನಲ್ಲಿ ಜಾರ್ಜ್ ಎವರೆಸ್ಟನ ತಂಡಕ್ಕೆ ಜ್ವರ ಬಡಿದು ಹಲವರು ಸತ್ತರು.

ಮುಂದೆ ಎವರೆಸ್ಟನು ಕ್ರಮವನ್ನೇ ಬದಲಿಸಿದನು. ಒಣ ತಿಂಗಳುಗಳಲ್ಲಿ, ರಾತ್ರಿ ದೀಪವನ್ನು ನೋಡಿ ಅಳೆಯುವುದು. ಹಗಲಾದರೆ ಕನ್ನಡಿಯಿಂದ ಹೊಳೆಯಿಸಿದ ಬಿಸಿಲನ್ನು ನೋಡುವುದು. ಒಂದೇ ಕೋನವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದು. ಹೀಗೆ ಉತ್ತರಕ್ಕೆ ಸಾಗಿದ ಅವನ ಅಳತೆಯ ದಕ್ಷಿಣದ ತುದಿ ಬೀದರದ ಬಳಿಯ ದಾಮರಗಿದ್ದ.

ಈಗ ಬೆಳಕಿನ ಓಲೆ ಆಕಾಶದಿಂದಲೇ ಬರುತ್ತಿದೆ. 2013ರಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆಯೊಂದು ಲೇಸರ್ ಕಿರಣದಿಂದ ಸೆಕೆಂಡಿಗೆ 622 ಮೆಗಾಬಿಟ್ ವೇಗದಲ್ಲಿ ಭೂಮಿಗೆ ಸಂದೇಶ ಕಳಿಸಿತು. ಸುಮಾರು ನಾಲ್ಕು ಲಕ್ಷ ಕಿಲೋಮೀಟರಿನ ಶೂನ್ಯದಲ್ಲಿ ಆ ಕಿರಣಕ್ಕೆ ಗಾಳಿಯ ಕಾಟವಿರಲಿಲ್ಲ. ತೊಡಕೆಲ್ಲ ಮನೆಬಾಗಿಲಿನ ಕೆಲವು ಹತ್ತು ಕಿಲೋಮೀಟರುಗಳಲ್ಲಿ. ನಕ್ಷತ್ರವನ್ನು ಮಿನುಗಿಸುವ ಸುಳಿಗಳೇ ಲೇಸರನ್ನೂ ಮಿನುಗಿಸುತ್ತವೆ. ಬೆಳಕು ಕ್ಷಣಕಾಲ ಕುಂದಿದರೆ ಅಷ್ಟು ಅಕ್ಷರಗಳು ಅಳಿಸಿಹೋದಂತೆಯೇ. ನೆಲದಿಂದ ಏರುವ ಕಿರಣದ ಪಾಡು ಇನ್ನೂ ಕಷ್ಟ: ಹೊರಟಲ್ಲಿಯೇ ತುಸು ಬಾಗಿದರೂ ಮೇಲೆ ಹೋಗುವಷ್ಟರಲ್ಲಿ ಗುರಿ ಬಹುದೂರ ತಪ್ಪುತ್ತದೆ.

ಪರಿಹಾರಗಳನ್ನು ನೋಡಿದರೆ ಎವರೆಸ್ಟನ ನೆನಪಾಗುತ್ತದೆ. 2013ರ ಆ ಪ್ರಯೋಗದಲ್ಲಿ ಒಂದಲ್ಲ, ನಾಲ್ಕು ದೂರದರ್ಶಕಗಳು ಕಿರಣವನ್ನು ಹಿಡಿದವು. ಒಂದಕ್ಕೆ ಮಂಕಾದದ್ದು ಇನ್ನೊಂದಕ್ಕೆ ಸಿಕ್ಕೀತು. ಸಂದೇಶವನ್ನು ಚೂರುಮಾಡಿ ಕಾಲದಲ್ಲಿ ಹರಡಿ ಕಳಿಸುತ್ತಾರೆ. ಕ್ಷಣಕ್ಷಣಕ್ಕೂ ಆಕಾರ ಬದಲಿಸಿ ಗಾಳಿಯ ತಪ್ಪನ್ನು ತಿದ್ದುವ ದರ್ಪಣವನ್ನು 1953ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ಸೂಚಿಸಿದನು. ಗಾಳಿ ತೆಳುವಾದ ಎತ್ತರವನ್ನೂ ಅರಸುತ್ತಾರೆ. ನಕ್ಷತ್ರ ನೋಡಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ವೀಕ್ಷಣಾಲಯ ಕಟ್ಟಿದ್ದೂ ಇಂಥ ತಿಳಿಯಾದ ಆಕಾಶಕ್ಕಾಗಿಯೇ.

ಗಾಳಿಯನ್ನು ಸುಮ್ಮನಿರಿಸುವುದು ಅಂದೂ ಆಗಲಿಲ್ಲ, ಇಂದೂ ಆಗುವುದಿಲ್ಲ. ಸರಿಯಾದ ಹೊತ್ತನ್ನೂ ಎಡೆಯನ್ನೂ ಆಯ್ದು, ಒಂದೇ ನೋಟವನ್ನು ನಂಬದೆ ಕೆಲಸ ಸಾಧಿಸಬೇಕು. ಎವರೆಸ್ಟನ ಹೆಸರು ಪರ್ವತವನ್ನೇರಿತು. ಇದೇ ಪಾಠವನ್ನು ಕಲಿಯುವ ದಾರಿಯಲ್ಲಿ ಜ್ವರದಿಂದ ಮಡಿದ ಖಲಾಸಿಗಳ ಹೆಸರು ಯಾವ ನಕ್ಷೆಯ ಮೇಲೂ ಇಲ್ಲ.